ಗಂಡಸರು ಹಿಟ್ಟು ತೊಳಸುವ ಮನೆ

ಹೋದ ಭಾನುವಾರ ಮದ್ದೂರಿನ ಪೇಟೆಬೀದಿಯಲ್ಲಿ ಅವರೆಕಾಯಿ ರಾಶಿಯ ಮುಂದೆ ನಿಂತಿದ್ದೆ. ಈ ವರ್ಷ ಮಂಜು ಸರಿಯಾಗಿ ಬಿದ್ದಿಲ್ಲ, ಕಾಯಿಗೆ ಸೊಗಡಿಲ್ಲ ಎಂದು ನಾನು ರಾಗ ತೆಗೆದದ್ದಕ್ಕೆ ಮಾರುವ ಹೆಂಗಸು ಒಂದು ಕಾಯನ್ನು ಉಗುರಲ್ಲಿ ಸೀಳಿ ನನ್ನ ಮೂಗಿಗೇ ಹಿಡಿದಳು. ನಾನು ಚೀಲ ಬಿಚ್ಚಿದೆ. ಈ ಸೊಗಡನ್ನು ಹೊರಗಿನವರಿಗೆ ವಿವರಿಸಲು ಹೋಗಬಾರದು. ಕಾಲೇಜಿನಲ್ಲಿ ಒಬ್ಬರು ಅದನ್ನು ಸೀಮೆಎಣ್ಣೆ ವಾಸನೆ ಎಂದಿದ್ದಕ್ಕೆ ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

ಬಸ್ಸಿನಲ್ಲಿ ಬೆರಳು ಮೂಸಿಕೊಂಡೇ ಬಂದೆ. ಬೆಸಗರಹಳ್ಳಿಯಿಂದ ಒಳಕ್ಕೆ ಎರಡು ಮೈಲಿ ದೂರದ ನನ್ನ ಅತ್ತೆಮನೆಯಲ್ಲಿ ಕಳೆದ ಮೊದಲ ಅವರೆಕಾಲ ನೆನಪಾಯಿತು. ಮೂರು ತಿಂಗಳು, ಅಷ್ಟೆ. ಆದರೆ ನನ್ನ ಸಂಸಾರ ಒಂದು ದಾರಿಗೆ ಬಂದದ್ದು ಆ ಮೂರು ತಿಂಗಳಲ್ಲಿ.

ಮದುವೆಯಾಗಿ ನಾಲ್ಕು ವರ್ಷ ನಾವು ಮಂಡ್ಯದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಇವರು ಹೈಸ್ಕೂಲಿನ ಗಣಿತದ ಮೇಷ್ಟ್ರು. ನಾನು ಮಳವಳ್ಳಿಯ ಹುಡುಗಿ, ಭಾರತೀನಗರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಮಣೆ ಹಾಕಿ ಊಟ ಬಡಿಸುವ ಅತಿಥಿಯಲ್ಲ, ಯಾವಾಗ ಬೇಕಾದರೂ ಕಳಿಸಿಬಿಡಬಹುದಾದ ಅತಿಥಿ. ಆ ವರ್ಷ ಇವರಿಗೆ ಬೆಸಗರಹಳ್ಳಿ ಕಡೆಗೆ ವರ್ಗವಾಯಿತು. ಮನೆ ಸಿಗುವವರೆಗೆ ಅತ್ತೆ ಮಾವನ ಜೊತೆ ಇರೋಣ ಎಂದವಳು ನಾನೇ. ಇವರು ಒಪ್ಪಲು ಒಂದು ವಾರ ತೆಗೆದುಕೊಂಡರು. ಹಬ್ಬಕ್ಕೆ ಹೋದರೂ ಹೊತ್ತು ಇಳಿಯುವ ಮೊದಲೇ ಬಸ್ಸು ಹತ್ತಿಸುತ್ತಿದ್ದ ಮನುಷ್ಯ. ಅದನ್ನು ನಾನು ಮೇಷ್ಟ್ರ ಶಿಸ್ತು ಎಂದುಕೊಂಡಿದ್ದೆ.

ಹೋದ ದಿನವೇ ಸಂಜೆ ಅಡುಗೆಮನೆಯಲ್ಲಿ ಕಂಡದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಚಿಕ್ಕತಾಯಮ್ಮನವರು ಗೋಡೆಗೆ ಒರಗಿ ಆರಾಮಾಗಿ ಕೂತಿದ್ದರು. ಒಲೆಯ ಮೇಲೆ ರಾಗಿಹಿಟ್ಟು ಕುದಿಯುತ್ತಿತ್ತು. ಮಾವ ಬೋರೇಗೌಡರು ಕವೆಗೋಲಿನಿಂದ ಪಾತ್ರೆಯನ್ನು ಅಲ್ಲಾಡದಂತೆ ಒತ್ತಿ ಹಿಡಿದಿದ್ದರು, ನನ್ನ ಗಂಡ ಹಿಟ್ಟಿನ ದೊಣ್ಣೆಯಿಂದ ಗಂಟಿಲ್ಲದಂತೆ ತೊಳಸುತ್ತಿದ್ದರು. ಮಂಡ್ಯದ ಮನೆಯಲ್ಲಿ ಇವರು ಮುದ್ದೆ ಮಾಡುವುದು ನನಗೆ ಗೊತ್ತಿತ್ತು. ನನಗೆ ಬಾರದ ಕಾರಣ ಮಾಡುತ್ತಾರೆ ಎಂದುಕೊಂಡಿದ್ದೆ. ಇದು ಮನೆತನದ ಪದ್ಧತಿ ಎಂದು ತಿಳಿದಿರಲಿಲ್ಲ. ಈ ಸೀಮೆಯಲ್ಲಿ ಗಂಡಸು ಮುದ್ದೆಯನ್ನು ಮುರಿಯುತ್ತಾನೆಯೇ ಹೊರತು ತೊಳಸುವುದಿಲ್ಲ. ಏನತ್ತೆ ಇದು ಎಂದು ಕೇಳಿದೆ.

“ನಮ್ಮನೇಲಿ ಗಂಡುಸ್ರೇ ಇಟ್ಟು ತೊಳಸೋದು ಕಣಮ್ಮ. ತೋಳ್ನಲ್ಲಿ ಸಕ್ತಿ ಇರೋರ್ಗೆ ವಸಿ ಕೆಲ್ಸ ಬ್ಯಾಡ್ವಾ?” ಎಂದರು ಅತ್ತೆ.

ಮಾವನ ಎಡಗೈ ಮಣಿಕಟ್ಟು ಸೊಟ್ಟಗಿತ್ತು. ಎತ್ತು ಒದ್ದು ಮುರಿದದ್ದು, ನಾಟಿ ಕಟ್ಟು ಸರಿಯಾಗಿ ಕೂರಲಿಲ್ಲ ಎಂದು ಮದುವೆಯ ಹೊತ್ತಿನಲ್ಲೇ ಕೇಳಿದ್ದೆ. ಮಾವ ಮಾತು ಕಡಿಮೆಯ ಮನುಷ್ಯ. ನನ್ನನ್ನು ಒಂದು ದಿನವೂ ಗದರಿದ್ದಿಲ್ಲ. ಅವರ ಎರಡು ಹಸುಗಳು ಇಡೀ ಊರಿನಲ್ಲೇ ಚೆನ್ನಾಗಿ ಹೊಳೆಯುತ್ತಿದ್ದವು, ಅಷ್ಟು ಸಲ ಮೈ ತಿಕ್ಕುತ್ತಿದ್ದರು. ಅತ್ತೆಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನ ಜ್ವರದಲ್ಲಿ ಹೋಯಿತು ಎಂದಿದ್ದರು.

ಈಗ ನನ್ನ ಕಸುಬಿನ ವಿಷಯ. ಆ ಕಾಲಕ್ಕೆ ನಾನು ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದೆ. ಒಳಮನಸ್ಸಿನ ಕತ್ತಲೆ, ಮನೆಯೊಳಗಿನ ಗುಟ್ಟು, ಎರಡು ವಾರಕ್ಕೊಂದು ಹೆಣ. ಹನ್ನೊಂದು ಕಂತು. ನನ್ನ ಕೊಲೆಗಾರ ಹಲ್ಲಿನ ಡಾಕ್ಟರು. ಊರಿಗೆಲ್ಲ ಒಳ್ಳೆಯವನು, ಮಕ್ಕಳಿಗೆ ನೋವಾಗದಂತೆ ಹಲ್ಲು ಕೀಳುವವನು. ಅವನ ತಾತ ಹೊಡೆಯುತ್ತಿದ್ದ, ಅಪ್ಪ ಹೊಡೆಯುತ್ತಿದ್ದ, ಅವನ ಕಾಲಕ್ಕೆ ಅದು ಕೊಲೆಯಾಗಿದೆ. ಬೀಜದಂತೆ ಬೆಳೆ ಎಂಬುದೇ ಕಾದಂಬರಿಯ ತಿರುಳು. ಆಸ್ತಿ ಬಂದ ದಾರಿಯಲ್ಲೇ ಪೆಟ್ಟೂ ಬರುತ್ತದೆ ಎಂದು ನಾನು ಬಲವಾಗಿ ನಂಬಿದ್ದೆ, ಯಾಕೆಂದರೆ ಹಾಗೆ ನಂಬಿದರೆ ಕತೆ ಸಲೀಸಾಗಿ ಓಡುತ್ತಿತ್ತು. ಇವರು ನನ್ನ ಮೊದಲ ಓದುಗ. ಕಾಗುಣಿತ ತಿದ್ದಿ, ಏನೂ ಹೇಳದೆ ವಾಪಸು ಕೊಡುತ್ತಿದ್ದರು.

ನನಗೆ ಆಗ ಇದ್ದ ಒಂದೇ ದುಃಖವನ್ನೂ ಹೇಳಿಬಿಡುತ್ತೇನೆ. ನನಗೆ ಮಗು ಬೇಕಿತ್ತು. ಇವರು ನಾಲ್ಕು ವರ್ಷದಿಂದ “ನೋಡೋಣ” ಎನ್ನುತ್ತಿದ್ದರು. ಯಾಕೆ ಎಂದು ಕೇಳಿದರೆ ಉತ್ತರಪತ್ರಿಕೆ ತಿದ್ದಲು ಕೂರುತ್ತಿದ್ದರು. ಬೇಡ ಎಂದರೆ ಜಗಳವಾಡಬಹುದು, ನೋಡೋಣ ಎನ್ನುವವರ ಜೊತೆ ಏನು ಜಗಳ?

ಅದೊಂದು ಬಿಟ್ಟರೆ ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಬೆಳಿಗ್ಗೆ ಎದ್ದರೆ ಹತ್ತು ಹೆಜ್ಜೆ ಮುಂದಿನದು ಕಾಣದಷ್ಟು ಮಂಜು. ಕಾಲೇಜಿಗೆ ಹೋಗುವ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಿತ್ತು. ದಾರಿಯ ಮೇಲೆ ರಾಗಿ ತೆನೆ ಹರಡಿದ್ದರೆ ಡ್ರೈವರು ಬೈದುಕೊಂಡೇ ಅದರ ಮೇಲೆ ಚಕ್ರ ಹಾಯಿಸಿ ಒಕ್ಕಣೆ ಮಾಡಿಕೊಡುತ್ತಿದ್ದ. ಗುರುವಾರ ಭಾರತೀನಗರದ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪತ್ರಿಕೆ ಸಿಗುತ್ತಿತ್ತು. ನಾನು ತಂದು, ಸಂಜೆ ನಾಲ್ಕಕ್ಕೆ ಹಜಾರದಲ್ಲಿ ಅತ್ತೆಯ ಬಲಗಡೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಅತ್ತೆ ನೆನೆಸಿದ ಅವರೆಕಾಳನ್ನು ಬೆರಳಲ್ಲಿ ಹಿತುಕುತ್ತಾ ಕೇಳುತ್ತಿದ್ದರು. ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮಿ ಬೋಗುಣಿಗೆ ಬೀಳುತ್ತಿತ್ತು. ಕತೆ ರೋಚಕವಾದರೆ ಬೇಳೆ ಬೋಗುಣಿ ದಾಟಿ ಹೋಗುತ್ತಿತ್ತು, ನನಗೆ ಅದಕ್ಕಿಂತ ದೊಡ್ಡ ವಿಮರ್ಶೆ ಬೇಕಿರಲಿಲ್ಲ. ಮೂರನೇ ಕಂತಿಗೇ ಅವರು ಕೊಲೆಗಾರನನ್ನು ಹಿಡಿದರು.

“ಆ ಅಲ್ಲು ಕೀಳೋ ಡಾಕ್ಟ್ರೇ ಕಣಮ್ಮ. ಅವ್ನು ವಸಿ ಜಾಸ್ತಿ ಒಳ್ಳೇವ್ನು.”

ಕೆಲವು ಪ್ರೊಫೆಸರುಗಳಿಗೂ ಅಷ್ಟು ಬೇಗ ಹೊಳೆದಿರಲಿಲ್ಲ.

ಏಳನೇ ಕಂತಿನಲ್ಲಿ ಡಾಕ್ಟರನ ಬಾಲ್ಯ ಬರಬೇಕಿತ್ತು. ಸಂಪಾದಕರು ಫೋನು ಮಾಡಿ ಅವಸರ ಮಾಡಿದರು. ಕಾಲೇಜಿನ ಬಿಡುವಿನಲ್ಲಿ ಕೂತು ಒಂದೇ ಸಲಕ್ಕೆ ಬರೆದೆ, ಇವರಿಗೂ ತೋರಿಸದೆ ಕಳಿಸಿದೆ. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹಾಕುವುದು ನಮ್ಮ ಕಸುಬಿನ ಚಾಳಿ. ಮಾವನ ಸೊಟ್ಟ ಮಣಿಕಟ್ಟನ್ನು ಡಾಕ್ಟರನ ಅಪ್ಪನಿಗೆ ಕೊಟ್ಟೆ. ಎತ್ತು ಒದ್ದ ಕತೆಯನ್ನೂ ಕೊಟ್ಟೆ. ಆದರೆ ಎತ್ತು ಒದ್ದರೆ ರೋಚಕತೆ ಎಲ್ಲಿಂದ ಬರಬೇಕು? ಹಾಗಾಗಿ ಎತ್ತಿನದು ಊರಿಗೆ ಹೇಳಿದ ಸುಳ್ಳು ಎಂದು ಬರೆದೆ. ಅಪ್ಪ ಅಡುಗೆಮನೆಯಲ್ಲಿ ಅಮ್ಮನಿಗೆ ದೊಣ್ಣೆಯಲ್ಲಿ ಹೊಡೆಯುತ್ತಿರುತ್ತಾನೆ. ಹದಿನೈದು ವರ್ಷದ ಮಗ ಆ ದೊಣ್ಣೆ ಕಿತ್ತುಕೊಂಡು ಅಪ್ಪನ ಕೈ ಮುರಿಯುತ್ತಾನೆ. ಮೂಳೆ ಮುರಿದ ಸದ್ದು ಅವನಿಗೆ ಹಿತವಾಗುತ್ತದೆ. ಅಲ್ಲಿಂದ ಕೊಲೆಗಾರ ಶುರುವಾಗುತ್ತಾನೆ.

ಇದನ್ನು ನಾನು ಆ ಗುರುವಾರ ಅಭಿನಯಪೂರ್ವಕವಾಗಿ ಓದಿದೆ. ಅರ್ಧ ಪುಟ ದಾಟುವಾಗ ಬೇಳೆ ಬೀಳುವ ಸದ್ದು ನಿಂತಿತ್ತು. ಅತ್ತೆ ಕೈ ತೊಳೆಯದೆಯೇ ಎದ್ದು ಒಳಗೆ ಹೋದರು. ಜಗಲಿಯಲ್ಲಿದ್ದ ಮಾವ ಬಾಗಿಲಿಗೆ ಬಂದು ನಿಂತಿದ್ದರು. ಎಂದೂ ಧಾರಾವಾಹಿ ಕೇಳದವರು ಮುಂದಕ್ಕೆ ಓದು ಎಂದರು. ಓದಿದೆ. ಮುಗಿದ ಮೇಲೆ ತಲೆ ಆಡಿಸಿ ಹಸುವಿನ ಕಡೆಗೆ ಹೋದರು. ಅಷ್ಟರಲ್ಲಿ ಇವರು ಸ್ಕೂಟರಿನಲ್ಲಿ ಬಂದರು. ಅತ್ತೆ ಹಿತ್ತಿಲಿಂದಲೇ, ಎಲ್ಲವನ್ನೂ ಹೆಂಡತಿಗೆ ಹೇಳಿಬಿಟ್ಟೆಯಲ್ಲ ಎಂದು ಕೇಳಿದರು. ಇವರು ನನ್ನ ಕೈಯಿಂದ ಪತ್ರಿಕೆ ಕಸಿದು ನಿಂತಲ್ಲೇ ಓದಿ, ಹೆಲ್ಮೆಟ್ಟೂ ಇಲ್ಲದೆ ವಾಪಸು ಹೊರಟುಹೋದರು.

ನನಗೆ ತಿಳಿದದ್ದು ಇಷ್ಟೆ: ಮಾವನ ಅಂಗದೋಷವನ್ನು ಪತ್ರಿಕೆಗೆ ಹಾಕಿ ಮನೆಯವರ ಮನಸ್ಸು ನೋಯಿಸಿದ್ದೇನೆ. ಆ ಸಂಜೆ ಮಾವ ಒಬ್ಬರೇ ಕಾಲಿನಲ್ಲಿ ಕವೆಗೋಲು ಒತ್ತಿಕೊಂಡು ಹಿಟ್ಟು ತೊಳಸುತ್ತಿದ್ದರು. ನಾನು ಹತ್ತಿರ ಹೋಗಿ, ನಿಮ್ಮ ಕೈಯನ್ನು ಕತೆಗೆ ಬಳಸಬಾರದಿತ್ತು, ತಪ್ಪಾಯಿತು, ಎತ್ತಿನ ವಿಷಯವನ್ನಾದರೂ ಬಿಡಬಹುದಿತ್ತು ಎಂದೆ. ಅವರು ದೊಣ್ಣೆ ಬಿಡಲಿಲ್ಲ.

“ಎತ್ತು ಒದೀಲಿಲ್ಲ ಕಣವ್ವ. ನನ್ ಮಗ ಒಡ್ದ. ನೀನು ಸರ್ಯಾಗೇ ಬರ್ದಿದ್ದೀಯ.”

ಯಾರು ಹೇಳಿದರು ಎಂದು ಅವರು ಕೇಳಿದರು. ಯಾರೂ ಇಲ್ಲ, ನಾನೇ ಕಟ್ಟಿದ್ದು ಎಂದೆ. ಅಷ್ಟರಲ್ಲಿ ಹಿತ್ತಿಲಿಂದ ಬಂದ ಅತ್ತೆ ನಂಬಲಿಲ್ಲ. ಮಗ ಹೇಳಿದ್ದಾನೆ ಎಂದು ಅವರು, ಅವ್ವ ಹೇಳಿದ್ದಾಳೆ ಎಂದು ಇವರು ಅಂದುಕೊಂಡಿದ್ದರಂತೆ. ಇಪ್ಪತ್ತು ವರ್ಷ ಬಾಯಿ ಬಿಡದಿದ್ದ ಮೂವರೂ ಒಬ್ಬರ ಮೇಲೊಬ್ಬರು ಅನುಮಾನಪಟ್ಟಿದ್ದರು. ನನ್ನ ಕಾದಂಬರಿಗಳಲ್ಲಿ ಗುಟ್ಟೆಂದರೆ ಹಾಳುಬಾವಿಯಲ್ಲಿ ಹೂತಿರುತ್ತಿತ್ತು, ಯಾರಿಗೂ ಗೊತ್ತಿರುತ್ತಿರಲಿಲ್ಲ. ಈ ಮನೆಯ ಗುಟ್ಟು ಎಲ್ಲರಿಗೂ ಗೊತ್ತಿತ್ತು, ದಿನಾ ಸಂಜೆ ಒಲೆಯ ಮುಂದೆ ನಿಂತು ಹಿಟ್ಟು ತೊಳಸುತ್ತಿತ್ತು.

ಮಾವನ ಅಪ್ಪ ಹೆಂಡತಿಗೆ ಹೊಡೆಯುತ್ತಿದ್ದರಂತೆ. ಮಾವ ಅದನ್ನು ನೋಡಿಕೊಂಡು ಬೆಳೆದು, ಅದೇ ಅಡುಗೆಮನೆಯಲ್ಲಿ ಅತ್ತೆಗೆ ಹೊಡೆದರು. ಕುಡಿತವಿಲ್ಲ, ಜೂಜಿಲ್ಲ, ಸಾರಿಗೆ ಉಪ್ಪು ಹೆಚ್ಚಾದರೆ ಸಾಕು, ಒಲೆಯ ಪಕ್ಕದ ಹಿಟ್ಟಿನ ದೊಣ್ಣೆ ಕೈಗೆ ಬರುತ್ತಿತ್ತು. ಅತ್ತೆಯ ಎಡಗಿವಿ ಹೋದದ್ದು ಜ್ವರದಲ್ಲಲ್ಲ. ಮಗ ದೊಣ್ಣೆ ಕಿತ್ತುಕೊಂಡದ್ದು ಕಿವಿಯಿಂದ ರಕ್ತ ಬಂದ ಆ ಸಂಜೆ. ಇದನ್ನೆಲ್ಲ ಹೇಳುವಾಗ ಮಾವ ನನ್ನ ಮುಖ ನೋಡಲಿಲ್ಲ, ಆದರೆ ಒಂದನ್ನೂ ಕಡಿಮೆ ಮಾಡಿ ಹೇಳಲಿಲ್ಲ.

ಉಳಿದದ್ದನ್ನು ಅತ್ತೆ ಹೇಳಿದರು. ಮಾರನೆಯ ದಿನ ಹುಡುಗ ತನ್ನ ಕೈಯನ್ನೇ ನೋಡಿಕೊಂಡು ಮೂಲೆಯಲ್ಲಿ ಕೂತಿದ್ದನಂತೆ. ಅಪ್ಪ ಕೈಗೆ ಬಿದಿರುದಬ್ಬೆ ಕಟ್ಟಿಸಿಕೊಂಡು ಇನ್ನೊಂದು ಮೂಲೆಯಲ್ಲಿ. ಅತ್ತೆ ಎಸರಿಟ್ಟು, ರಾಗಿಹಿಟ್ಟು ಹಾಕಿ, ದೊಣ್ಣೆಯನ್ನು ಮಗನ ಕೈಗೆ, ಕವೆಗೋಲನ್ನು ಗಂಡನ ಒಳ್ಳೆಯ ಕೈಗೆ ಕೊಟ್ಟರು.

“ಒಲೆಗಾಕಿ ಸುಡವ ಅಂದ್ಕಂಡೆ. ಸುಟ್ರೆ ಇನ್ನೊಂದ್ ದೊಣ್ಣೆ ಸಿಕ್ತದೆ ಅಲ್ವಾ? ಅದ್ಕೇಯ, ಇನ್ಮೇಕೆ ನೀವೇ ತೊಳಸಿ, ನಾ ಉಣ್ತೀನಿ ಅಂದೆ.”

ಹಾಗಾದರೆ ಮಾವನನ್ನು ಕ್ಷಮಿಸಿದ್ದೀರಾ ಎಂದು ನಾನು ಕಾದಂಬರಿಗಾರ್ತಿಯ ಪ್ರಶ್ನೆ ಕೇಳಿದೆ. ಕ್ಷಮಿಸಿದರೆ ಕಿವಿ ವಾಪಸು ಬರುತ್ತದೆಯಾ ಎಂದು ಅವರು ತಿರುಗಿ ಕೇಳಿದರು. ಆಮೇಲೆ ಮಾವ ಒಬ್ಬರೇ ತೊಳಸಿ ಗಂಟುಗಂಟಾಗಿದ್ದ ಆ ಮುದ್ದೆಯನ್ನು ತಟ್ಟೆಗೆ ಹಾಕಿಕೊಂಡು, ಇದನ್ನು ನುಂಗುವುದು ಹೇಗೆ ಎಂದು ಮಾವನನ್ನು ಬೈದರು.

ಇವರು ದೀಪ ಹಚ್ಚುವ ಹೊತ್ತಿಗೆ ಬಂದು ಉಂಡು ಮಲಗಿದರು. ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ಬಂದವರನ್ನು ನಾನು ನಾಲೆಯ ಏರಿಯ ಮೇಲೆ ಹಿಡಿದೆ. ಕಬ್ಬು ಕಡಿದ ಗದ್ದೆಯ ಪಕ್ಕ ಚಪ್ಪಲಿ ಕಳಚಿ ಕೂತಿದ್ದರು. ನಾನು ಬೇಕೆಂದು ಬರೆದದ್ದಲ್ಲ ಎಂದು ಆಣೆ ಮಾಡಿದೆ. ಗೊತ್ತು ಎಂದರು. ಆಮೇಲೆ, ನಿನ್ನ ಡಾಕ್ಟರಿಗೆ ಮಕ್ಕಳಿದ್ದಾರಾ ಎಂದು ಕೇಳಿದರು. ಇಲ್ಲ ಎಂದೆ.

“ಒಳ್ಳೇದಾಯ್ತು. ಆ ಏಟಲ್ಲಿ ನಂಗೂ ಖುಷಿಯಾಗಿತ್ತು ಕಣೇ. ಅಪ್ಪನ ಕೈ ಲಟಕ್ ಅಂದಾಗ. ನೀನು ಬರೆದಿರೋದು ಒಂದಕ್ಷರ ಸುಳ್ಳಲ್ಲ. ತಾತ, ಅಪ್ಪ, ನಾನು. ನಾಲ್ಕನೇ ತಲೆಮಾರು ಯಾಕೆ ಹುಟ್ಟಬೇಕು?”

ನನಗೆ ಅವರ ಮೇಲೆ ಕನಿಕರ ಬರಬೇಕಿತ್ತು. ನಿಜ ಹೇಳಬೇಕೆಂದರೆ ಬಂದದ್ದು ಕೋಪ. ನಾಲ್ಕು ವರ್ಷ ನೋಡೋಣ ನೋಡೋಣ ಎಂದು ನನ್ನನ್ನು ಕಾಯಿಸಿ, ನನ್ನಲ್ಲೇ ಏನೋ ಕೊರತೆ ಇದೆಯೇನೋ ಎಂದು ನಾನು ಕೊರಗುವ ಹಾಗೆ ಮಾಡಿ, ಇಷ್ಟನ್ನು ಹೇಳಲು ಒಂದು ಧಾರಾವಾಹಿ ಬೇಕಾಯಿತಾ ಎಂದು ಕೂಗಾಡಿದೆ. ಕೂಗಾಡುತ್ತಾ ನಾನೇ ಅಳತೊಡಗಿದೆ. ನನ್ನ ಪುಸ್ತಕದ ಬುದ್ಧಿಯ ಮೇಲೂ ಸಿಟ್ಟು ಬಂತು. ಬೀಜದಂತೆ ಬೆಳೆ ಎಂದು ವಾರ ವಾರ ಬರೆದು, ಕಾಗುಣಿತ ತಿದ್ದಲು ಇವರ ಕೈಗೇ ಕೊಟ್ಟಿದ್ದೆನಲ್ಲ. ಇವರು ಸುಮ್ಮನೆ ಒಂದೊಂದೇ ಒತ್ತಕ್ಷರ ತಿದ್ದಿಕೊಟ್ಟಿದ್ದರು.

ಉಳಿದ ನಾಲ್ಕು ಕಂತುಗಳನ್ನು ಏನು ಮಾಡುವುದೋ ತಿಳಿಯಲಿಲ್ಲ. ಡಾಕ್ಟರನನ್ನು ನಿರಪರಾಧಿ ಮಾಡಿಬಿಡುತ್ತೇನೆ ಎಂದು ಅತ್ತೆಗೆ ಹೇಳಿದೆ. ಅವರು ಒಪ್ಪಲಿಲ್ಲ. ಮೂರು ಹೆಣ ಬಿದ್ದಿವೆ, ಅವನು ಕೊಲ್ಲದಿದ್ದರೆ ದಾರಿಯಲ್ಲಿ ಹೋಗುವವನು ಕೊಂದನಾ ಎಂದರು. ಕತೆಯನ್ನು ಕತೆಯ ಪಾಡಿಗೆ ಬಿಡು, ಅವನು ಕೊಂದದ್ದಕ್ಕೆ ಅವನೇ ಜವಾಬ್ದಾರಿ, ಅಪ್ಪನ ಮೇಲೆ ಹಾಕಬೇಡ ಎಂದರು. ನಾನು ಹಾಗೆಯೇ ಬರೆದೆ. ಕೊನೆಯ ಕಂತಿನಲ್ಲಿ ಡಾಕ್ಟರು ತನ್ನ ಬಾಲ್ಯವನ್ನು ಮುಂದೆ ಮಾಡುತ್ತಾನೆ, ಅವನ ತಾಯಿ ಕೋರ್ಟಿನಲ್ಲಿ ಎದ್ದು ನಿಂತು ಸುಮ್ಮನಿರು ಎನ್ನುತ್ತಾಳೆ. ಓದುಗರಿಂದ ಬೈಗುಳದ ಕಾಗದಗಳು ಬಂದವು. ರಹಸ್ಯ ಸಪ್ಪೆಯಾಯಿತು ಎಂದು ಸಂಪಾದಕರೂ ಮುನಿಸಿಕೊಂಡರು.

ಆ ಕೊನೆಯ ಕಂತು ಅಚ್ಚಾಗುವ ಮುಂಚಿನ ವಾರ, ಅವರೆ ಬಲಿತು ಸೊಗಡು ಕಡಿಮೆಯಾಗಿದ್ದ ದಿನಗಳಲ್ಲಿ, ಒಂದು ಸಂಜೆ ಇವರು ಹಿಟ್ಟು ತೊಳಸುತ್ತಾ ಅಪ್ಪನನ್ನು ಮಾತಾಡಿಸಿದರು. ಅಪ್ಪ ಮಗ ಬೆಳೆ, ಮಳೆ, ಗೊಬ್ಬರ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಕೊತ್ತಂಬರಿ ಬಿಡಿಸುತ್ತಾ ಕೂತೆ.

“ಅಪ್ಪ, ನಿಂಗೆ ಅದು ಎಂಗೆ ನಿಂತೋಯ್ತು?”

ಮಾವ ಕವೆಗೋಲನ್ನು ಇನ್ನಷ್ಟು ಒತ್ತಿ ಹಿಡಿದರು.

“ನಿಂತಿಲ್ಲ ಕಣ್ಲಾ. ಈಗ್ಲೂ ಬತ್ತದೆ. ಬಂದಾಗ ಎದ್ದೋಗಿ ಅಸ ಮೈ ತಿಕ್ತೀನಿ. ಒಂದೊಂದಿನ ಮೂರ್ ಸಲ ತಿಕ್ಕಿವ್ನಿ.”

“ಆವತ್ತು ನಿಂಗೆ ಒಡ್ದಾಗ ನಂಗೆ ಕುಸಿ ಆಯ್ತು ಅಪ್ಪ.”

“ಗೊತ್ತು. ನಿನ್ ಮೊಕ ನೋಡ್ದೆ. ನಂಗೂ ಅಂಗೇ ಆಯ್ತಿತ್ತು. ನೀನು ಒಂದ್ ಏಟ್ಗೇ ನಿನ್ ಕೈ ಕಂಡು ಎದ್ರಿಕಂಡೆ. ನಾನ್ ಎದ್ರಿಕಳಕೆ ಕೈ ಮುರೀಬೇಕಾಯ್ತು.”

ಇವರು ತೊಳಸುವುದನ್ನು ನಿಲ್ಲಿಸಿದ್ದರು. ತಳ ಹಿಡಿಯುತ್ತೆ, ಕೈ ಆಡಿಸು ಎಂದು ಅತ್ತೆ ಗೋಡೆಯ ಪಕ್ಕದಿಂದ ಗದರಿದರು. ಇವರು ಮತ್ತೆ ತೊಳಸಿದರು. ಮುದ್ದೆ ಕಟ್ಟಿ, ತಟ್ಟೆಗೆ ಹಾಕಿ, ಹಿತುಕಿದ ಬೇಳೆಯ ಸಾರು ಬಿಟ್ಟು, ನಾಲ್ವರೂ ಉಣ್ಣಲು ಕೂತೆವು. ಮೊದಲ ತುತ್ತು ಮುರಿಯುವ ಮುಂಚೆ ಇವರು ಅವ್ವನ ಕಡೆ ತಿರುಗಿದರು. ನನ್ನನ್ನು ಕೇಳಲಿಲ್ಲ, ನನ್ನ ಉತ್ತರ ಅವರಿಗೆ ಗೊತ್ತಿತ್ತು. ಪೆಟ್ಟು ತಿಂದವರನ್ನು ಕೇಳಿದರು.

“ಅವ್ವ, ನಾವೊಂದು ಮಗು ಮಾಡ್ಕಳದಾ?”

ಅತ್ತೆ ಬಾಯಲ್ಲಿದ್ದದ್ದನ್ನು ನುಂಗಿ, ಮಗನನ್ನು ಮೇಲಿಂದ ಕೆಳಗೆ ನೋಡಿದರು.

“ಮಾಡ್ಕಳಿ. ನಾನು ಇಲ್ಲೇ ಇವ್ನಿ. ಅದ್ರ ಮ್ಯಾಲೆ ಕೈ ಎತ್ತಿದ್ರೆ ಈ ಸಲ ನಿನ್ ಕೈ ಮುರಿಯೋಳು ನಾನು.”

ಮೊದಲು ನಕ್ಕವರು ಮಾವ. ನಗುತ್ತಾ ಅವರ ಕಣ್ಣಲ್ಲಿ ನೀರು ಬಂತು, ಖಾರ ಜಾಸ್ತಿ ಎಂದರು. ಇವರು ಆಯ್ತು ಕಣವ್ವ ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ನಾವು ಬೇರೆ ಮನೆ ನೋಡುವ ಮಾತನ್ನು ಆಮೇಲೆ ಎತ್ತಲಿಲ್ಲ.

ಮಗಳಿಗೆ ಈಗ ಆರು ವರ್ಷ. ಮಹಾ ಹಟಮಾರಿ, ಎಂಥವರ ತಾಳ್ಮೆಯನ್ನೂ ದಿನಕ್ಕೆರಡು ಸಲ ಪರೀಕ್ಷೆ ಮಾಡುತ್ತಾಳೆ. ಇದುವರೆಗೆ ಅತ್ತೆ ಯಾರ ಕೈಯನ್ನೂ ಮುರಿಯಬೇಕಾಗಿ ಬಂದಿಲ್ಲ.